ನಿನ್ನ ಮುಖ ಇನ್ನೂ ಬಂದಿಲ್ಲ

ಮೈಸೂರು
ಶನಿವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಗುರುವಾರ ಕೈಸೇರಿತು. ಸಾಗರದಲ್ಲಿ ಮಳೆ ಹಿಡಿದು ಒಂಬತ್ತು ದಿನವಾಯಿತು, ಅಂಗಳಕ್ಕೆ ಕಾಲಿಡುವ ಹಾಗಿಲ್ಲ, ನಿಮ್ಮ ಅತ್ತೆಯವರಿಗೆ ಮಂಡಿನೋವು ಜಾಸ್ತಿಯಾಗಿದೆ ಎಂದೆಲ್ಲ ಎರಡು ಮಗ್ಗುಲು ತುಂಬ ಬರೆದು, ಆ ಸಂಗತಿಯನ್ನು ಮಾತ್ರ ಕೊನೆಯಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಡ್ರಾಯಿಂಗ್ ಪುಸ್ತಕ ತಂದೆ, ನಾಲ್ಕು ಮುಖ ಬರೆದೆ, ಯಾರೂ ಯಾರ ಹಾಗೂ ಕಾಣಲಿಲ್ಲ, ಹರಿದು ಬಚ್ಚಲೊಲೆಗೆ ಹಾಕಿದೆ ಅಂತ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ ಕಣೇ. ಬೇರೆ ಯಾರಾದರೂ ಹರಿದಿದ್ದರೆ ಹೋಗಲಿ ಅನ್ನುತ್ತಿದ್ದೆ. ಹರಿದವಳು ನೀನು.

ಅಗ್ರಹಾರದ ಮನೆಯ ಅಡುಗೆಮನೆ ಗೋಡೆ ಮರೆತೆಯಾ? ನಿನಗಾಗ ಎಂಟೋ ಒಂಬತ್ತೋ. ಹಂಡೆ ಒಲೆಯ ಇದ್ದಿಲ ಚೂರು ತಂದು, ಬೀಸುವ ಕಲ್ಲಿನ ಮುಂದೆ ಕೂತಿದ್ದ ಅಜ್ಜಿಯನ್ನು ಗೋಡೆ ಮೇಲೆ ಬರೆದೆ. ಬಗ್ಗಿದ ಬೆನ್ನು, ತಲೆ ಮೇಲಿನ ಸೆರಗು, ಗೂಟ ಹಿಡಿದ ಕೈ. ಕಣ್ಣು ಮೂಗು ಏನೂ ಇರಲಿಲ್ಲ, ಆದರೂ ಬಂದವರೆಲ್ಲ ಅಜ್ಜಿ ಅಂದರು. ಅಮ್ಮ ಬೈಯುತ್ತಾಳೆ ಅಂತ ನಾವಿಬ್ಬರೂ ಹಿತ್ತಲಿಗೆ ಓಡಿಹೋಗಿದ್ದೆವು. ಅಮ್ಮ ಬೈಯಲಿಲ್ಲ. ಗೌರಿ ಹಬ್ಬಕ್ಕೆ ಮುಂಚೆ ಸುಣ್ಣ ಹೊಡೆಯುವವನು ಬಂದಾಗ, ‘ಅಷ್ಟು ಜಾಗ ಬಿಟ್ಟು ಹೊಡಿಯಪ್ಪ’ ಅಂದಳು. ಪ್ರತಿ ವರ್ಷವೂ ಅದೇ ಮಾತು. ಅಜ್ಜಿ ತೀರಿಕೊಂಡ ಮೇಲೆ ಅವಳದೆಂದು ಮನೆಯಲ್ಲಿ ಇದ್ದದ್ದು ಯಾರದ್ದೋ ಮದುವೆ ಫೋಟೋದ ಹಿಂದಿನ ಸಾಲಿನ ಹುಣಸೆಬೀಜದಷ್ಟು ಮುಖ, ಮತ್ತೆ ನಿನ್ನ ಗೋಡೆ. ಅಮ್ಮ ಒಗ್ಗರಣೆ ಹಾಕುತ್ತಾ ಆ ಕಡೆ ನೋಡುತ್ತಿದ್ದಳು. ಮನೆ ಮಾರಿದಾಗ ಪಾತ್ರೆ ಪಡಗ ತಂದೆವು, ದೇವರ ಪೆಟ್ಟಿಗೆ ತಂದೆವು. ಗೋಡೆ ತರಲಾಗಲಿಲ್ಲ.

ಅಪ್ಪ ಜೋಪಾನ ಮಾಡಿಟ್ಟಿದ್ದ ‘ಕೊರವಂಜಿ’ ಸಂಚಿಕೆಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಆರ್. ಕೆ. ಲಕ್ಷ್ಮಣರ ಚಿತ್ರಗಳನ್ನು ನೋಡಿ ನೋಡಿ ಬರೆಯುತ್ತಿದ್ದವಳೂ ನೀನೇ. ನಾನು ಪಕ್ಕದಲ್ಲಿ ಕೂತು ಪೆನ್ಸಿಲ್ ಹೆರೆದುಕೊಡುತ್ತಿದ್ದೆ. ನಮ್ಮೂರಿನ ಆ ಹುಡುಗನಿಗೆ ಮುಂಬೈಯ ಜೆ. ಜೆ. ಕಲಾಶಾಲೆಯವರು ಸೀಟು ಕೊಡಲಿಲ್ಲ ಎಂಬುದನ್ನು ಅಪ್ಪ ಎಷ್ಟು ಸಲ ಹೇಳಿರಬಹುದು! ಸೀಟು ಸಿಗದವರು ಕಾಗೆ ಬರೆದರು, ಮರ ಬರೆದರು, ಬೀದಿಯಲ್ಲಿ ಕಂಡವರನ್ನೆಲ್ಲ ಬರೆದರು. ನೀನು ಹೈಸ್ಕೂಲು ದಾಟಿದ್ದೇ ಎಲ್ಲ ಬಿಟ್ಟೆ. ಯಾಕೆ ಬಿಟ್ಟೆ ಅಂತ ನಾವ್ಯಾರೂ ಕೇಳಲಿಲ್ಲ. ಅಕ್ಕನಾದ ನಾನೂ ಕೇಳಲಿಲ್ಲ. ಆ ತಪ್ಪು ಈಗಲೂ ನನ್ನ ಮನಸ್ಸಿನಲ್ಲಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಚಿತ್ರ ಬರೆಯಲು ಶುರು ಮಾಡಿದ್ದು ಹೇಗೆ ಅಂತ ನಿನಗೆ ಫೋನಿನಲ್ಲಿ ಸರಿಯಾಗಿ ಹೇಳಿಯೇ ಇಲ್ಲ. ನಿನ್ನ ಭಾವನಿಗೆ ಡಯಾಲಿಸಿಸ್ ಶುರುವಾಗಿ ಬರುವ ಕಾರ್ತಿಕಕ್ಕೆ ಮೂರು ವರ್ಷ. ಸೋಮವಾರ, ಬುಧವಾರ, ಶುಕ್ರವಾರ. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮೊದಲ ಎರಡು ತಿಂಗಳು ನಾನು ಸಹಸ್ರನಾಮ ಓದಿದೆ, ಮೊಬೈಲು ನೋಡಿದೆ, ಕೊನೆಗೆ ನೆಲದ ಟೈಲ್ಸ್ ಎಣಿಸುತ್ತಾ ಕೂತೆ. ಒಂದು ದಿನ ಎದುರಿನ ಹಾಸಿಗೆಯಲ್ಲಿ ಒಬ್ಬರು ನಿದ್ದೆ ಹೋಗಿದ್ದರು. ಲಾರಿ ಓಡಿಸುತ್ತಿದ್ದವರು, ದಪ್ಪ ಮೀಸೆ, ದೊಡ್ಡ ಮೂಗು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಫಿಸ್ಟುಲಾ ಮಾಡಿರುತ್ತಾರೆ. ಮೇಲೆ ಬೆರಳಿಟ್ಟರೆ ಒಳಗೆ ಜುಂಯ್ ಅನ್ನುವುದು ತಿಳಿಯುತ್ತದೆ. ಸೂಜಿ ಹಾಕುವುದು ಅಲ್ಲಿಗೇ. ಹಾಕಿದ ಮೇಲೆ ಆ ಕೈ ಅಲ್ಲಾಡಿಸುವಂತಿಲ್ಲ. ಅವರು ಹಾಗೆ ಕದಲದೆ ಮಲಗಿದ್ದರು. ಬ್ಯಾಗಿನಲ್ಲಿದ್ದ ಔಷಧಿ ರಸೀತಿಯ ಹಿಂದುಗಡೆ, ಬಾಲ್ ಪೆನ್ನಿನಲ್ಲಿ ಅವರನ್ನು ಬರೆದೆ. ಮುಖವೆಲ್ಲ ಯಾರದ್ದೋ ಆಗಿತ್ತು, ಮೂಗು ಮಾತ್ರ ಅವರದೇ ಬಂದಿತ್ತು. ಅಷ್ಟೊಂದು ದಿನಗಳಲ್ಲಿ ಆ ಆಸ್ಪತ್ರೆಯಲ್ಲಿ ನನಗಾದ ಮೊದಲ ಸಂತೋಷ ಅದು. ಮನೆಗೆ ಬರುವ ದಾರಿಯಲ್ಲೇ ಒಂದು ಪುಸ್ತಕ, ಎರಡು ಪೆನ್ಸಿಲ್ ಕೊಂಡೆ. ಈಗ ಆರನೆಯ ಪುಸ್ತಕ ನಡೆಯುತ್ತಿದೆ.

ಅದರಲ್ಲಿ ಏನೇನಿದೆ ಗೊತ್ತಾ? ನಮ್ಮ ಜೊತೆ ಕಾಯುವ ಹೆಂಗಸರು. ಕುರ್ಚಿಯಲ್ಲೇ ನಿದ್ದೆ ಮಾಡಿದರೆ ಒಬ್ಬೊಬ್ಬರ ಕತ್ತು ಒಂದೊಂದು ಕಡೆ ಬಾಗುತ್ತದೆ. ನಂಜನಗೂಡಿನ ಕಡೆಯಿಂದ ಮೊದಲ ಬಸ್ಸಿಗೆ ಬರುವ ಒಬ್ಬಳು, ಊಟದ ಡಬ್ಬಿಯನ್ನು ಮಗುವಿನಂತೆ ತಬ್ಬಿಕೊಂಡು ಮಲಗುತ್ತಾಳೆ. ಮಗನಿಗಾಗಿ ಬರುವ ಒಬ್ಬ ಅಪ್ಪ ನಾಲ್ಕು ಗಂಟೆಯೂ ನಿಂತೇ ಇರುತ್ತಾರೆ, ಕೂರಿ ಅಂದರೆ ಬೇಡ ಅನ್ನುತ್ತಾರೆ. ಅವರದು ಹದಿನಾಲ್ಕು ಪುಟಗಳಿವೆ, ಎಲ್ಲ ಬೆನ್ನಿನ ಕಡೆಯಿಂದಲೇ. ಸ್ಟಾಫ್ ಸಿಸ್ಟರ್‌ಗಳು ಒಂದು ಕ್ಷಣ ನಿಲ್ಲುವವರಲ್ಲ. ಅವರದು ಬರೀ ಕೈ ಸಿಕ್ಕಿದೆ, ಪ್ಲಾಸ್ಟರ್ ಹರಿಯುವ ಕೈ.

ಅತಿ ಹೆಚ್ಚು ಇರುವುದು ನಿನ್ನ ಭಾವನೇ. ಮದುವೆಯಾಗಿ ಮೂವತ್ತೇಳು ವರ್ಷ. ಎಡಹುಬ್ಬು ಬಲಗಡೆಯದಕ್ಕಿಂತ ಮೇಲಿದೆ ಎಂಬುದು ಈಗ ಗೊತ್ತಾಯಿತು. ಅದಕ್ಕಿಂತ ದೊಡ್ಡದು ಇನ್ನೊಂದು. ಎರಡನೇ ಪುಸ್ತಕ ಮುಗಿದಾಗ ಪುಟ ತಿರುಗಿಸುತ್ತಾ ಕೂತಿದ್ದೆ. ಸೋಮವಾರದ ಮುಖ ಬೇರೆ, ಶುಕ್ರವಾರದ ಮುಖ ಬೇರೆ. ಸೋಮವಾರ ಕಣ್ಣ ಕೆಳಗೆ ಊದಿಕೊಂಡು, ಕೆನ್ನೆ ಗುಂಡಗಾಗಿ, ಮೂಗಿನ ಪಕ್ಕದ ಗೆರೆ ಮಾಯವಾಗಿರುತ್ತದೆ. ಬುಧವಾರಕ್ಕೆ ಗೆರೆ ವಾಪಸ್ಸು ಬರುತ್ತದೆ. ಡಾಕ್ಟರಿಗೆ ತೋರಿಸಿದೆ. ಶನಿವಾರ, ಭಾನುವಾರ ಎರಡು ದಿನ ಡಯಾಲಿಸಿಸ್ ಇರುವುದಿಲ್ಲವಲ್ಲ, ಮೂತ್ರಪಿಂಡ ಹೊರಹಾಕಬೇಕಾದ ನೀರು ಮೈಯಲ್ಲೇ ನಿಲ್ಲುತ್ತದೆ, ಅದು ಮುಖದಲ್ಲಿ ಕಾಣುತ್ತದೆ ಅಂದರು. ತಕ್ಕಡಿ ಮೇಲೆ ನಿಲ್ಲಿಸಿ ನೋಡಿದರೆ ಸೋಮವಾರ ಎರಡು ಎರಡೂವರೆ ಕಿಲೋ ಹೆಚ್ಚಿರುತ್ತಿತ್ತು. ಅದು ಅವರ ಚಾರ್ಟಿನಲ್ಲಿ ಮೊದಲಿಂದಲೂ ಇತ್ತು. ನನ್ನ ಪೆನ್ಸಿಲ್ ತನ್ನಷ್ಟಕ್ಕೆ ಅದನ್ನೇ ಬರೆದಿತ್ತು. ದಿನಾ ಬೆಳಿಗ್ಗೆ ಕಾಫಿ ಕೊಡುತ್ತಾ ನೋಡುವ ಮುಖದಲ್ಲಿ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ. ಈಗ ಶನಿವಾರ ಬಂದರೆ ನೀರಿನ ಲೋಟ ಅಳತೆ ಮಾಡಿ ಕೊಡುತ್ತೇನೆ. ಅವರೂ ಸಿಡುಕದೆ ಕುಡಿಯುತ್ತಾರೆ, ಯಾಕೆಂದರೆ ಆ ಪುಟಗಳನ್ನು ಅವರೂ ನೋಡಿದ್ದಾರೆ.

ನಾವು ಜೊತೆಗಿರುವವರನ್ನು ನೋಡುವುದೇ ಇಲ್ಲ ಪುಟ್ಟಿ. ಗೊತ್ತು ಅಂದುಕೊಂಡಿರುತ್ತೇವೆ, ಆ ಗೊತ್ತಿರುವುದೇ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ನಿನ್ನ ನಾಲ್ಕು ಮುಖ ಕೆಟ್ಟದ್ದೂ ಅಲ್ಲಿಯೇ ಇರಬೇಕು. ಹರಿದುಹಾಕಿದ್ದರಿಂದ ನೋಡಿ ಹೇಳಲಾರೆ, ಆದರೆ ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಮೊದಲು ಎಲ್ಲರಿಗೂ ಕಣ್ಣನ್ನು ತೀರಾ ಮೇಲೆ ಇಟ್ಟುಬಿಡುತ್ತಿದ್ದೆ, ಹಣೆಗೆ ಜಾಗವೇ ಉಳಿಯುತ್ತಿರಲಿಲ್ಲ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣಿರುವುದು ಸರಿಯಾಗಿ ನಡುವಿನಲ್ಲಿ. ಕನ್ನಡಿ ಮುಂದೆ ನಿಂತು ಗೇಣಿಟ್ಟು ನೋಡಿಕೋ. ಎರಡು ಕಣ್ಣಿನ ಮಧ್ಯೆ ಇನ್ನೊಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನ ನೇರದಿಂದ ಮೂಗಿನ ತುದಿಯ ನೇರದವರೆಗೆ. ವಯಸ್ಸಾದವರಿಗೆ ಹಾಲೆ ಜೋತು ಇನ್ನೂ ಕೆಳಗೆ ಬರುತ್ತದೆ, ಅಮ್ಮನ ಓಲೆ ತೂತು ಉದ್ದವಾಗಿದ್ದದ್ದು ನೆನಪಿಸಿಕೋ. ಹಲ್ಲಿಗೆ ಒಂದೊಂದಕ್ಕೂ ಗೆರೆ ಹಾಕಬೇಡ. ಚಿಕ್ಕ ಮಕ್ಕಳನ್ನು ಸದ್ಯಕ್ಕೆ ಮುಟ್ಟಬೇಡ. ಅವರ ಮುಖದಲ್ಲಿ ಒಂದು ಗೆರೆ ಹೆಚ್ಚಾದರೂ ಮುದುಕರಾಗಿಬಿಡುತ್ತಾರೆ. ಪೆನ್ಸಿಲ್ 2ಬಿ ಒಂದು, 4ಬಿ ಒಂದು ಸಾಕು. ಎಚ್‌ಬಿ ಗಟ್ಟಿ, ಅದರಲ್ಲಿ ನೆರಳು ಏಳುವುದಿಲ್ಲ. ಬಲಗಡೆಯ ಪುಟದಲ್ಲಿ ಮಾತ್ರ ಬರಿ, ಇಲ್ಲದಿದ್ದರೆ ಎರಡು ಮುಖ ಒಂದಕ್ಕೊಂದು ಉಜ್ಜಿಕೊಂಡು ಎರಡೂ ಕೆಡುತ್ತವೆ. ರಬ್ಬರನ್ನು ನಾನು ಬ್ಯಾಗಿನಿಂದಲೇ ತೆಗೆದುಹಾಕಿದೆ. ತಪ್ಪಿದ ಗೆರೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸರಿಯಾದದ್ದನ್ನು ಎಳೆದರೆ ಮುಖಕ್ಕೆ ಉಸಿರಾಟ ಬಂದಂತಾಗುತ್ತದೆ. ಕಣ್ಣು ಅವರ ಮೇಲಿರಲಿ, ಕಾಗದದ ಮೇಲಲ್ಲ.

ನಾನೂ ಒಂದು ಪುಟ ಹರಿದಿದ್ದೇನೆ. ಆರು ಪುಸ್ತಕದಲ್ಲಿ ಅದೊಂದೇ. ಕಳೆದ ವರ್ಷ ಕಿಟಕಿ ಪಕ್ಕದ ಹಾಸಿಗೆಗೆ ಹೊಸಬರೊಬ್ಬರು ಬಂದಿದ್ದರು, ಚಿಕ್ಕ ವಯಸ್ಸು. ಬೆಳಕು ಒಂದು ಕೆನ್ನೆ ಮೇಲೆ ಮಾತ್ರ ಬಿದ್ದಿತ್ತು, ನನಗೆ ತಡೆಯಲಾಗಲಿಲ್ಲ. ಅರ್ಧ ಬರೆದಿದ್ದೆ, ಅವರ ಹೆಂಡತಿ ಬಂದು ಎದುರಿಗೆ ನಿಂತಳು. ‘ಯಾಕಮ್ಮಾ ನಮ್ಮೆಜಮಾನ್ರನ್ನ ಬರೀತಿದೀರಾ? ಮಲಗಿರೋರ್ನ ಬರೀಬಾರ್ದು’ ಅಂದಳು. ಜೋರು ಮಾಡಲಿಲ್ಲ. ತುಟಿ ನಡುಗುತ್ತಿತ್ತು. ಪುಟ ಹರಿದು ಅವಳ ಕೈಯಲ್ಲಿಟ್ಟೆ, ತಪ್ಪಾಯಿತಮ್ಮ ಅಂದೆ. ಅವಳು ಅದನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಎಸೆಯಲಿಲ್ಲ.

ಆಮೇಲೆ ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಹೀಗೆ ಬೇರೆಯವರ ಕಷ್ಟದ ಹೊತ್ತಿನಲ್ಲಿ ಅವರ ಮುಖ ತೆಗೆದುಕೊಳ್ಳುವುದು ಸರಿಯಾ ಅಂತ. ಮಗಳು ತಂದುಕೊಟ್ಟ ಒಂದು ಪುಸ್ತಕದಲ್ಲಿ ಕೇಥೆ ಕೋಲ್ವಿಟ್ಸ್ ಅಂತ ಜರ್ಮನಿಯ ಒಬ್ಬ ಹೆಣ್ಣುಮಗಳ ಚಿತ್ರಗಳನ್ನು ನೋಡಿದೆ. 1867ರಲ್ಲಿ ಹುಟ್ಟಿದವಳು. ಗಂಡ ಬರ್ಲಿನ್ನಿನಲ್ಲಿ ಕೂಲಿಕಾರರ ಬಡಾವಣೆಯ ಡಾಕ್ಟರು. ಅವರ ದವಾಖಾನೆಗೆ ಬರುವ ಬಡ ಹೆಂಗಸರು ಇವಳ ಹತ್ತಿರವೂ ಕಷ್ಟ ಹೇಳಿಕೊಳ್ಳುತ್ತಿದ್ದರು. ಅವಳ ಚಿತ್ರಗಳಲ್ಲಿ ಇರುವುದು ಅವರೇ. ಮೊಣಕಾಲಿಗೆ ಗಲ್ಲ ಊರಿ ಕೂತವರು, ಮಗುವನ್ನು ಎರಡೂ ಕೈಯಿಂದ ಮುಚ್ಚಿಕೊಂಡವರು. ಆ ಹೆಂಗಸರು ನಮ್ಮ ಕಾಯುವ ಹಾಲಿನಲ್ಲಿ ಕೂತಿದ್ದರೆ ಬೇರೆ ದೇಶದವರು ಅಂತ ನನಗೆ ಅನ್ನಿಸುತ್ತಿರಲಿಲ್ಲ. ಆ ಪುಟಗಳನ್ನು ನೋಡುತ್ತಾ ನನಗೆ ಒಂದು ತೀರ್ಮಾನ ಸಿಕ್ಕಿತು. ಅವಳು ಅವರ ಮಾತು ಕೇಳಿದ್ದಳು. ಮಾತು ಕೇಳಿದವರಿಗೆ ಮುಖ ಬರೆಯುವ ಹಕ್ಕು ಬರುತ್ತದೆ, ಕದ್ದು ನೋಡಿದವರಿಗೆ ಬರುವುದಿಲ್ಲ. ಅಂದಿನಿಂದ ನಾನು ಕೇಳಿಯೇ ಬರೆಯುತ್ತೇನೆ. ಕೇಳಲಾಗದ ಕಡೆ ಬೆನ್ನಿನಿಂದ ಬರೆಯುತ್ತೇನೆ. ಮುಗಿದ ಮೇಲೆ ತೋರಿಸುತ್ತೇನೆ, ಬೇಕು ಅಂದರೆ ಕೊಟ್ಟುಬಿಡುತ್ತೇನೆ. ಕಿಟಕಿ ಪಕ್ಕದವರು ಈಗ ನಮ್ಮ ಜೊತೆಯಲ್ಲೇ ಬುಧವಾರ ಬರುತ್ತಾರೆ. ಆ ಹುಡುಗಿ ಮೊನ್ನೆ ತಾನಾಗಿಯೇ ಹತ್ತಿರ ಬಂದು, ‘ಆಂಟಿ, ಅವತ್ತಿಂದು ಪೂರ್ತಿ ಮಾಡ್ಕೊಡಿ’ ಅಂತ ಮಡಿಸಿಟ್ಟಿದ್ದ ಕಾಗದವನ್ನು ಬಿಡಿಸಿ ಕೊಟ್ಟಳು. ಮಡಿಕೆ ಸರಿಯಾಗಿ ಮೂಗಿನ ಮೇಲೆ ಬಂದಿತ್ತು.

ಹೀಗೆ ಕೇಳಿ ಬರೆಯಲು ಶುರು ಮಾಡಿದ ಮೇಲೆ ಆಸ್ಪತ್ರೆಯ ಹೊರಗೂ ಧೈರ್ಯ ಬಂತು. ದೇವರಾಜ ಮಾರುಕಟ್ಟೆಯಲ್ಲಿ ನಾನು ಹೂವು ಕೊಳ್ಳುವ ಹೆಂಗಸು ನಿನಗೂ ಗೊತ್ತು, ಹೋದ ದಸರಾದಲ್ಲಿ ನಿನಗೆ ಕನಕಾಂಬರ ಮುಡಿಸಿದವಳು. ಹೂ ಕಟ್ಟುವವರನ್ನು ಬರೆಯುವುದು ಸುಲಭ. ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ, ಮುಖ ಸುಮ್ಮನಿರುತ್ತದೆ. ಅವಳನ್ನು ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, ‘ಮೂಗುಬಟ್ಟು ಯಾಕೆ ಬರೀಲಿಲ್ಲ ಅಕ್ಕಾ?’ ಅಂದಳು. ಮೂಗಿನಲ್ಲಿ ಇದ್ದದ್ದು ತೂತು ಮುಚ್ಚಿಹೋಗದಿರಲಿ ಅಂತ ಸಿಕ್ಕಿಸಿಕೊಂಡ ಒಂದು ಬೇವಿನ ಕಡ್ಡಿ. ನಾನು ಅದನ್ನೇ ಬರೆದಿದ್ದೆ. ‘ಅಡ ಇಟ್ಟಿದೀನಿ, ದೀಪಾವಳಿಗೆ ಬಿಡಿಸ್ಕೋತೀನಿ. ನೀವು ಈಗ್ಲೇ ಬರ್ದ್‌ಬಿಡಿ. ಏಳು ಕಲ್ಲಿಂದು, ನಡುವಿಂದು ಕೆಂಪು’ ಅಂದಳು.

ಕಂಡದ್ದನ್ನು ಮಾತ್ರ ಬರೆಯಬೇಕು, ಇಲ್ಲದ್ದನ್ನು ಸೇರಿಸಬಾರದು ಅಂತ ನಾನು ನಿಯಮ ಮಾಡಿಕೊಂಡಿದ್ದೆ. ಅದು ಒಳ್ಳೆಯ ನಿಯಮ, ನೀನೂ ಇಟ್ಟುಕೋ. ಆದರೆ ಅವತ್ತು ಹೊಸ ಪುಟ ತೆಗೆದು ಮೂಗುಬಟ್ಟು ಬರೆದೆ. ಅವಳು ಹೇಳಿದ ಹಾಗೆ ಒಂದೊಂದು ಕಲ್ಲೂ. ಅವಳಿಗೆ ಅದು ಮೂಗಿನ ಮೇಲೆ ಇದ್ದೇ ಇತ್ತು, ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. ಪುಟ ತೆಗೆದುಕೋ ಅಂದರೆ, ‘ನಿಮ್ಮತ್ರಾನೇ ಇರ್ಲಿ, ಬಿಡಿಸ್ಕೊಂಡ ಮೇಲೆ ಪಕ್ಕದಲ್ಲಿ ಇಟ್ಟು ನೋಡೋಣ’ ಅಂದಳು. ಅಡವನ್ನೂ ಬಿಡಿಸುವುದು ಅನ್ನುತ್ತೇವೆ, ಚಿತ್ರವನ್ನೂ ಬಿಡಿಸುವುದು ಅನ್ನುತ್ತೇವೆ. ಆ ದಿನದವರೆಗೆ ಆ ಎರಡು ಮಾತು ಒಂದೇ ಅಂತ ನನಗೆ ಹೊಳೆದಿರಲಿಲ್ಲ. ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು. ಕಡ್ಡಿ ಹಾಗೇ ಇದೆ. ನಾನು ಹೋದಾಗಲೆಲ್ಲ, ‘ಆ ಪುಟ ಇದೆಯಾ ಅಕ್ಕಾ?’ ಅನ್ನುತ್ತಾಳೆ. ತೆಗೆದು ತೋರಿಸುತ್ತೇನೆ. ನೋಡಿ ತಲೆಯಾಡಿಸಿ, ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಹಾಕುತ್ತಾಳೆ.

ನಿನಗೆ ಮಾರುಕಟ್ಟೆ ಬೇಡ, ಆಸ್ಪತ್ರೆ ದೇವರು ದೂರವೇ ಇಟ್ಟಿರಲಿ. ಮನೆಯಲ್ಲಿ ನಿಮ್ಮ ಅತ್ತೆಯವರಿದ್ದಾರಲ್ಲ. ಜಗನ್ಮೋಹನ ಅರಮನೆಯಲ್ಲಿ ಕತ್ತಲೆ ಮಾಡಿ ಒಂದು ಚಿತ್ರ ತೋರಿಸುತ್ತಿದ್ದರಲ್ಲ, ದೀಪ ಹಿಡಿದ ಹುಡುಗಿ, ಬೆಳಕು ಬೆರಳ ಸಂದಿಯಿಂದ ಕೆಂಪಗೆ ಕಾಣುವುದು, ನೀನು ಅದರ ಮುಂದಿನಿಂದ ಕದಲದೆ ಅಪ್ಪನ ಹತ್ತಿರ ಬೈಸಿಕೊಂಡಿದ್ದೆ. ಊರವರೆಲ್ಲ ಅದನ್ನು ರವಿವರ್ಮನದು ಅನ್ನುತ್ತಿದ್ದರು. ಅದು ಎಸ್. ಎಲ್. ಹಲ್ದಣಕರ್ ಅವರ ಜಲವರ್ಣ ಚಿತ್ರ, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಮನೆಯ ಹುಡುಗಿಯೇ. ನಿಮ್ಮ ಅತ್ತೆ ಮಂಡಿನೋವೆಂದು ಒಲೆ ಮುಂದೆ ಕಾಲು ಚಾಚಿ ಕೂತಿರುತ್ತಾರೆ ಅಂತ ಬರೆದಿದ್ದೀಯ. ಒಂದು ಕಡೆಯಿಂದ ಬೆಂಕಿಯ ಬೆಳಕು, ಹೊರಗೆ ಮಳೆಗತ್ತಲೆ, ಅಲುಗಾಡದ ಮನುಷ್ಯರು. ಇನ್ನೇನು ಬೇಕು? ಕೇಳು, ಬೇಡ ಅನ್ನಲಾರರು. ದೀಪಾವಳಿ ಆಸುಪಾಸಿಗೆ ಅಡಿಕೆ ಸುಲಿತ ಶುರುವಾದರೆ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುವವರನ್ನೆಲ್ಲ ಬರೆಯಬಹುದು. ಅವರ ಹೆಸರು, ತಾರೀಕು, ಅವತ್ತು ಆಡಿದ ಒಂದು ಮಾತು, ಮೂರನ್ನೂ ಕೆಳಗೆ ಬರಿ. ನಾನು ಮೊದಲ ಪುಸ್ತಕದಲ್ಲಿ ಬರೆಯಲಿಲ್ಲ. ಲಾರಿ ಓಡಿಸುತ್ತಿದ್ದವರು ಈಗ ಇಲ್ಲ, ಅವರ ಊರು ಯಾವುದೆಂದು ಕೇಳಿಕೊಂಡಿರಲೇ ಇಲ್ಲ. ರಸೀತಿಯ ಹಿಂದಿನ ಆ ಮೂಗು ಮಾತ್ರ ನನ್ನ ಹತ್ತಿರ ಉಳಿದಿದೆ.

ಇಷ್ಟು ಬರೆಯುವುದಕ್ಕೆ ನಿಜವಾದ ಕಾರಣ ಇನ್ನೊಂದಿದೆ. ನಿನ್ನ ಕಾಗದ ಬಂದ ರಾತ್ರಿ ನಿನ್ನನ್ನು ಬರೆಯಲು ಕೂತೆ. ಫೋಟೋ ನೋಡದೆ, ನೆನಪಿನಿಂದ. ಏಳು ಸಲ ಬರೆದೆ. ಜಡೆ ಬಂತು, ಕತ್ತು ಬಂತು, ನಗುವಾಗ ಬಲಗೈ ಬಾಯಿಗೆ ಅಡ್ಡ ಹಿಡಿಯುವುದೂ ಬಂತು. ಮುಖ ಬರಲಿಲ್ಲ. ನೀನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಒಂದೇ ಚಾಪೆಯ ಮೇಲೆ ಹದಿನೆಂಟು ವರ್ಷ ಮಲಗಿದ್ದೇವೆ. ನನಗೆ ನಿನ್ನ ಮುಖ ಬರುತ್ತಿಲ್ಲ ಪುಟ್ಟಿ. ಏಳನ್ನೂ ಹರಿಯದೆ ಇಟ್ಟಿದ್ದೇನೆ. ದಸರಾ ರಜಕ್ಕೆ ಬಂದಾಗ ಒಂದು ಬೆಳಿಗ್ಗೆ ನನ್ನೆದುರು ಕೂತುಕೋ. ಅಡುಗೆ ಕೆಲಸ ಅಂತ ಏಳಬೇಡ.

ಅಲ್ಲಿಯವರೆಗೆ ಒಂದು ಏರ್ಪಾಡು ಮಾಡಿದ್ದೇನೆ. ಶಾಂತಿನಿಕೇತನದ ನಂದಲಾಲ್ ಬೋಸರು ಶಿಷ್ಯರಿಗೂ ಸ್ನೇಹಿತರಿಗೂ ಅಂಚೆ ಕಾರ್ಡಿನ ಮೇಲೆ ಚಿತ್ರ ಬರೆದು ಕಳಿಸುತ್ತಿದ್ದರಂತೆ. ಎದುರಿಗೆ ಹೋದ ಎತ್ತು, ಮರ, ಮನುಷ್ಯ, ಏನಾದರೂ. ದೊಡ್ಡ ಪುಸ್ತಕದ ಬಿಳಿ ಹಾಳೆ ನೋಡಿದರೆ ಕೈ ಹಿಂಜರಿಯುತ್ತದೆ, ಕಾರ್ಡು ಅಂಗೈಯಷ್ಟೇ. ಅಂಚೆಗೆ ಹಾಕಿದ ಮೇಲೆ ಹರಿಯಲೂ ಆಗುವುದಿಲ್ಲ. ಚೆನ್ನಾಗಿಲ್ಲದಿದ್ದರೂ ಹಾಕು. ಯಾರ ಹಾಗೂ ಕಾಣದಿದ್ದರೂ ಹಾಕು. ಯಾರೆಂದು ಕೆಳಗೆ ಬರೆದರೆ ಸಾಕು, ನನಗೆ ಕಾಣುತ್ತಾರೆ.

ಈ ಲಕೋಟೆಯಲ್ಲಿ ಹತ್ತು ಕಾರ್ಡು ಇಟ್ಟಿದ್ದೇನೆ, ಒಂದು 4ಬಿ ಪೆನ್ಸಿಲ್ಲೂ ಇದೆ. ಹತ್ತೂ ಕಾರ್ಡಿಗೆ ನನ್ನ ವಿಳಾಸ ನಾನೇ ಬರೆದಿದ್ದೇನೆ. ಇನ್ನೊಂದು ಮಗ್ಗುಲು ಖಾಲಿ ಇದೆ.

ಇಂತು ನಿನ್ನ
ಅಕ್ಕ